ಗೋಡೆಯ ಹೆಂಗಸು

ಹಾರ ಹಾಕಲು ಬಗ್ಗಿದ ಹೆಂಗಸಿನ ಮುಖವನ್ನು ಅಂಜಿನಮ್ಮ ಮೂಗಿನಿಂದ ಶುರುಮಾಡಿ ನೋಡಿದಳು. ಮೂಗು ಮೊಂಡು. ಇವಳಲ್ಲ. ಹಿಂದೆ ನಿಂತವಳ ಹಣೆ ಅಗಲ, ಗಲ್ಲ ಚೂಪು. ಇವಳೂ ಅಲ್ಲ. ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹೆಣದ ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದು ಕೂತು ಆಕೆ ಬೆಳಿಗ್ಗೆಯಿಂದ ಮಾಡುತ್ತಿದ್ದುದು ಇದೊಂದೇ ಕೆಲಸ. ಬಂದವರು ಅಳುತ್ತಿದ್ದರು, ಆಕೆ ಬಂದವರ ಮುಖ ಅಳೆಯುತ್ತಿದ್ದಳು. ನೋಡಿದವರು ಪಾಪ, ದುಃಖಕ್ಕೆ ಕಲ್ಲಾಗಿಬಿಟ್ಟಿದ್ದಾಳೆ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು.

ದುಃಖ ಇರಲಿಲ್ಲವೆಂದಲ್ಲ. ಇಪ್ಪತ್ತೇಳು ವರ್ಷ ಜೊತೆಗಿದ್ದ ಗಂಡ. ನಿನ್ನೆ ಮಧ್ಯಾಹ್ನ ಮುದ್ದೆ ಉಂಡು ಅಡ್ಡಾದವನನ್ನು ನಾಲ್ಕು ಗಂಟೆಗೆ ಚಹಾ ಕಾಸಿಕೊಂಡು ಎಬ್ಬಿಸಲು ಹೋದರೆ ಕೈ ತಣ್ಣಗಾಗಿತ್ತು. ರಾತ್ರಿಯೆಲ್ಲ ಅತ್ತಿದ್ದಾಳೆ, ಅದು ಸುಳ್ಳಲ್ಲ. ಆದರೆ ಬೆಳಗಾಗುತ್ತಲೇ ಅಳುವಿನ ಜಾಗದಲ್ಲಿ ಹಳೆಯ ಅನುಮಾನ ಬಂದು ಕಾಲು ಚಾಚಿ ಕೂತುಬಿಟ್ಟಿತ್ತು. ಇಂದು ಬಿಟ್ಟರೆ ಅದಕ್ಕೆ ಇನ್ನೊಂದು ದಿನ ಇಲ್ಲ.

ಗೋವಿನಕೋವಿಯ ಆರ್ಟಿಸ್ಟ್ ಚಿಕ್ಕಹನುಮಂತಪ್ಪ ಎಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಷ್ಟೂ ಕಡೆಯ ಆಫೀಸುಗಳಿಗೆ ಗೊತ್ತಿದ್ದ ಹೆಸರು. ಸರ್ಕಾರಕ್ಕೆ ಈ ಸೀಮೆಯ ಜನರ ಹತ್ತಿರ ಏನಾದರೂ ಹೇಳುವುದಿದ್ದರೆ ಅವನ ಬ್ರಷ್ಷಿನಿಂದಲೇ ಹೇಳಬೇಕಿತ್ತು. ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿ ಎಂದು ಬರೆದವನೂ ಅವನೇ, ಶೌಚಾಲಯ ಕಟ್ಟಿಸಿಕೊಳ್ಳಿ ಎಂದವನೂ ಅವನೇ, ಚುನಾವಣೆ ಬಂದರೆ ತಪ್ಪದೆ ಮತ ಹಾಕಿ ಎಂದವನೂ ಅವನೇ. ಉಬ್ರಾಣಿಯ ಶಾಲೆಯ ಕಾಂಪೌಂಡಿನಿಂದ ಸೂರಗೊಂಡನಕೊಪ್ಪದ ನೀರಿನ ಟ್ಯಾಂಕಿನವರೆಗೆ ಅವನು ಮುಟ್ಟದ ಗೋಡೆ ಕಮ್ಮಿ. ಅಕ್ಷರ ಗೋಡೆಗೊಂದು ಥರ ಇರುತ್ತಿತ್ತು. ಅಕ್ಷರದ ಪಕ್ಕದಲ್ಲಿ ನಿಂತ ಹೆಂಗಸು ಮಾತ್ರ ಎಲ್ಲ ಗೋಡೆಯ ಮೇಲೂ ಒಬ್ಬಳೇ. ಮಗುವಿನ ಬಾಯಿಗೆ ಹನಿ ಹಾಕಿಸುತ್ತಿದ್ದವಳು ಅವಳು, ಮಗಳನ್ನು ಶಾಲೆಗೆ ಕಳಿಸುತ್ತಿದ್ದವಳು ಅವಳು, ಶಾಯಿ ಹಚ್ಚಿದ ಬೆರಳು ತೋರಿಸುತ್ತಿದ್ದವಳೂ ಅವಳೇ. ಕೊರೊನಾ ಬಂದಾಗ ಆ ಹೆಂಗಸಿನ ಮೂಗು ಬಾಯಿಗೆ ಮಾಸ್ಕ್ ಬಂತು. ಅಂಜಿನಮ್ಮ ಕಣ್ಣು ನೋಡಿಯೇ ಗುರುತು ಹಿಡಿದಳು.

ಗಂಡನ ಕೈಯಲ್ಲಿ ಇಪ್ಪತ್ತೈದು ವರ್ಷ ತಪ್ಪದೆ ಮೂಡಿದ ಮುಖ. ಅಂಜಿನಮ್ಮನದಂತೂ ಅಲ್ಲ. ಹಾಗಾದರೆ ಯಾರದು?

ಅಂಥವಳೊಬ್ಬಳು ಇದ್ದರೆ ಇಂದು ಬಂದೇ ಬರುತ್ತಾಳೆ ಎನ್ನುವುದು ಅವಳ ಲೆಕ್ಕ. ಹೆಣ ಎತ್ತುವ ಮುಂಚೆ ಮನೆಯವರೆಲ್ಲ ಬಾಯಿಗೆ ಅಕ್ಕಿ ಹಾಕುತ್ತಾರೆ, ಕೊನೆಯ ಸರದಿ ಹೆಂಡತಿಯದು. ಅವಳು ಹಾಕಿದ ಮೇಲೆ ಚಟ್ಟ ಏಳುತ್ತದೆ, ಅಲ್ಲಿಗೆ ಗಂಡಹೆಂಡಿರ ಮಧ್ಯೆ ಕೇಳುವುದು ಹೇಳುವುದು ಎಲ್ಲ ಮುಗಿದ ಹಾಗೆ. ಆ ಮುಖ ಯಾರದೆಂದು ತಿಳಿಯುವ ತನಕ ಅಕ್ಕಿಗೆ ಕೈ ಹಾಕುವುದಿಲ್ಲ ಎಂದು ಅಂಜಿನಮ್ಮ ಬೆಳಗಿನ ಜಾವವೇ ಗಟ್ಟಿ ಮಾಡಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಇಂಥ ಮಾತನ್ನು ಯಾರ ಹತ್ತಿರ ಹೇಳುವುದು? ಮಗಳು ಮಮತಾಗೆ ಹೇಳಿದರೆ ಅವ್ವನಿಗೆ ತಲೆ ಕೆಟ್ಟಿದೆ ಎನ್ನುತ್ತಾಳೆ.

*

ಮದುವೆಯಾದ ಮರುವರ್ಷದ ಮಾತು. ಚಿಕ್ಕಹನುಮಂತಪ್ಪನಿಗೆ ಜಗಳೂರು ಕಡೆ ಹದಿನೈದು ಗೋಡೆಯ ಕೆಲಸ ಸಿಕ್ಕಿತ್ತು. ಸರ್ಕಾರದ ದೊಡ್ಡ ಕೆಲಸ ಎಂದರೆ ಅದೇ ಮೊದಲು. ಮೇಲಿನಿಂದ ಬಂದ ಮಾದರಿ ಚಿತ್ರ ಜೆರಾಕ್ಸಿನ ಜೆರಾಕ್ಸಾಗಿ ಇವನ ಕೈಗೆ ಬರುವಷ್ಟರಲ್ಲಿ, ಅದರೊಳಗಿನ ಹೆಂಗಸಿನ ಮುಖ ಇರಬೇಕಾದ ಕಡೆ ಬರೀ ಮಸಿ ಉಳಿದಿತ್ತು. ಕೆನ್ನೆಗೆ ಕೈಕೊಟ್ಟು ಕೂತ ಮೈ ಇತ್ತು, ಮುಖ ಇರಲಿಲ್ಲ. ಅವನು ಹೆಂಡತಿಯನ್ನು ಜಗಲಿಯ ಮೇಲೆ ಹಾಗೇ ಕೂರಿಸಿ ಪೆನ್ಸಿಲ್ ತೆಗೆದ.

ಯಾತಕ್ಕೆ ಎಂದು ಕೇಳಿದಳು. ಸರ್ಕಾರಿ ಕೆಲಸ, ಸುಮ್ಮನೆ ಕೂತುಕೊ, ಸ್ವಲ್ಪ ಸಪ್ಪಗಿರು ಎಂದ. ಇಪ್ಪತ್ತು ವರ್ಷದ ಹುಡುಗಿಗೆ ಸಪ್ಪಗಿರುವುದು ಅಷ್ಟು ಸುಲಭವೇ? ಒಂದೊಂದು ಸಲವೂ ನಗು ಉಕ್ಕಿ ಬರುತ್ತಿತ್ತು. ಅವನು ಕಣ್ಣು ಬಿಡುತ್ತಿದ್ದ, ಮತ್ತೆ ಸಪ್ಪಗಾಗುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಹಾಳೆಯ ಮೇಲೆ ಅಂಜಿನಮ್ಮ ಇದ್ದಳು. ಅವ್ವ ಕೊಟ್ಟ ಕಲ್ಲಿನ ಮೂಗುಬೊಟ್ಟು, ಗಲ್ಲದ ಎಡಕ್ಕಿದ್ದ ಮಚ್ಚೆ, ಯಾವುದನ್ನೂ ಬಿಟ್ಟಿರಲಿಲ್ಲ. ತನ್ನ ಮುಖ ಸರ್ಕಾರದ ಗೋಡೆಯ ಮೇಲೆ ಬರುತ್ತದೆ ಎಂದು ಅವಳು ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ. ಜಗಳೂರು ಅವಳ ತವರಿನ ಕಡೆ. ಸಂತೆಗೆ ಬಂದವರೆಲ್ಲ ನೋಡುತ್ತಾರೆ.

ಹದಿನೈದು ದಿನದ ಮೇಲೆ ವಾಪಸ್ಸು ಬಂದ ಗಂಡ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು, ಆ ಚಿತ್ರ ಅಳಿಸಿದೆ ಎಂದ. ಯಾಕೆ ಅಂದರೆ, ಮುಖ ಸರಿ ಬರಲಿಲ್ಲ ಎಂದ. ಅಷ್ಟೇ. ಮುಖವೆತ್ತಿ ಹೇಳಲಿಲ್ಲ. ಆಮೇಲೆ ಅವಳು ಕನ್ನಡಿಯ ಮುಂದೆ ನಿಂತು ತನ್ನ ಮುಖದಲ್ಲಿ ಏನು ಸರಿಯಿಲ್ಲ ಎಂದು ಬಹಳ ದಿನ ಹುಡುಕಿದ್ದುಂಟು.

ಅದೇ ವರ್ಷ ತವರಿನಲ್ಲಿ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯ. ಹೋದರೆ ಅತ್ತಿಗೆ ಶಂಕ್ರಮ್ಮ ಮಗುವನ್ನು ಕೈಗೆ ಕೊಡಲಿಲ್ಲ. ಪಂಕ್ತಿಯಲ್ಲಿ ಇವಳ ಪಕ್ಕದ ಎರಡು ಎಲೆ ಖಾಲಿ ಉಳಿದವು. ನೀರು ಕುಡಿದ ಲೋಟವನ್ನು ಅತ್ತಿಗೆ ಬೆರಳ ತುದಿಯಲ್ಲಿ ಹಿಡಿದು ಹಿತ್ತಲಿಗೆ ಒಯ್ದಳು. ತಂಗಿಗೆ ಗೊತ್ತಾಗಿದ್ದ ಗಂಡು ಮುರಿದುಬಿತ್ತು. ಅಪ್ಪ ಬಸ್ಸಿನವರೆಗೂ ಬಂದು, ಸ್ವಲ್ಪ ದಿನ ಗಂಡನ ಮನೆಯಲ್ಲೇ ಇರವ್ವ ಎಂದು ಹೇಳಿ ಕಣ್ಣೊರೆಸಿಕೊಂಡ. ಊರಿಗೆ ಬಂದು ಒಂದು ವಾರಕ್ಕೆ ಗಂಡ, ನಿನಗೆ ರಕ್ತ ಕಮ್ಮಿ ಇರಬಹುದು ಎಂದು ಚನ್ನಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸಿದ. ಔಷಧಿ ಮಾತ್ರ ಏನೂ ಕೊಡಿಸಲಿಲ್ಲ.

ಎರಡು ತಿಂಗಳ ಮೇಲೆ ಹೊನ್ನಾಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಹೆಂಗಸನ್ನು ಮೊದಲ ಸಲ ನೋಡಿದಳು. ಒಂದು ಗೋಡೆಯಲ್ಲ, ಮೂರು. ಮೂರರಲ್ಲೂ ಅದೇ ಮುಖ. ಅಂಜಿನಮ್ಮನಿಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಗಂಡನಿಗೆ ಇನ್ನೊಬ್ಬಳಿದ್ದಾಳೆ. ತವರಿನವರಿಗೆ ಅದು ಗೊತ್ತು, ಹೇಳಲಾರದೆ ದೂರ ಕೂತರು. ತನ್ನ ಮುಖ ಸರಿ ಬರಲಿಲ್ಲ, ಅವಳ ಮುಖ ಸರಿ ಬಂತು.

ಕೇಳಲಿಲ್ಲ. ಕೇಳಿ ಹೌದು ಅನ್ನಿಸಿಕೊಳ್ಳುವುದಕ್ಕಿಂತ ಕೇಳದೆ ಕಾಯುವುದು ವಾಸಿ ಎನ್ನಿಸಿತು. ಒಮ್ಮೆ ಮಾತ್ರ ಅವನೇ ರಟ್ಟಿನ ಮೇಲೆ ಬರೆದ ಆ ಮುಖವನ್ನು ತಂದು ಒಲೆಯ ಮುಂದೆ ಹಿಡಿದು, "ಇವಳು ಯಾರ ಥರ ಕಾಣ್ತಾಳೆ, ಹೇಳು" ಎಂದಿದ್ದ. ಎಷ್ಟು ಧೈರ್ಯ ನೋಡು ಎಂದುಕೊಂಡಳು.

"ಅದು ನಿಮಗೇ ಗೊತ್ತಿರಬೇಕು" ಎಂದಳು.

"ಅಂದ್ರೆ ನಿಂಗೂ ಯಾರು ಅಂತ ಗೊತ್ತಾಗ್ಲಿಲ್ಲ" ಎಂದು ಅವನು ನಕ್ಕ. ಎದೆಯ ಮೇಲಿನ ಕಲ್ಲು ಇಳಿದವನ ಹಾಗೆ ನಕ್ಕ. ಆ ನಗುವನ್ನು ಅವಳು ಇವತ್ತಿನವರೆಗೂ ಕ್ಷಮಿಸಿರಲಿಲ್ಲ.

*

ಹತ್ತು ಗಂಟೆಯ ಸುಮಾರಿಗೆ ಆಟೊ ಬಂದು ನಿಂತಿತು. ಅರವತ್ತು ದಾಟಿದ ಹೆಂಗಸೊಬ್ಬಳು ಇಳಿದಳು. ಬಿಳಿ ಸೀರೆ ಅಲ್ಲ, ಮಾಸಲು ನೀಲಿ. ಕೈಯಲ್ಲಿ ಸೇವಂತಿಗೆ ಹಾರ. ಯಾರನ್ನೂ ಕೇಳದೆ ಸೀದಾ ಹೆಣದ ಹತ್ತಿರ ಬಂದಳು, ಹಾರ ಹಾಕಿದಳು, ಮುಖ ಮುಟ್ಟಲಿಲ್ಲ, ಕಾಲು ಮುಟ್ಟಲಿಲ್ಲ. ಬಲಗೈ ಎತ್ತಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಜೋರಾಗಿ ಅತ್ತಳು.

ಅಂಜಿನಮ್ಮನ ಬೆನ್ನು ನೆಟ್ಟಗಾಯಿತು. ಬ್ರಷ್ ಹಿಡಿಯುತ್ತಿದ್ದ ಕೈ ಅದು. ಅಷ್ಟು ಜನದಲ್ಲಿ ಆ ಕೈಯನ್ನು ಹುಡುಕಿಕೊಂಡು ಬಂದವಳು ಇವಳೊಬ್ಬಳೇ.

ಮೂಗು ನೋಡಿದಳು. ಹೌದೂ ಅನ್ನಬಹುದು, ಅಲ್ಲವೂ ಅನ್ನಬಹುದು. ಗಲ್ಲ ಜೋತುಬಿದ್ದಿದೆ, ಆಗ ಹೇಗಿತ್ತೋ. ಕಣ್ಣು ಅತ್ತು ಊದಿವೆ. ಯಾರು ಎಂದು ಮಮತಾಳನ್ನು ಕೇಳಿದಳು. ಕಸ್ತೂರಮ್ಮ ಅಂತ, ರಿಟೈರಾದ ನರ್ಸು, ಮೊದಲು ಜಗಳೂರು ಕಡೆ ಇದ್ದರಂತೆ, ಆಮೇಲೆ ಇಪ್ಪತ್ತು ವರ್ಷ ನ್ಯಾಮತಿಯಲ್ಲಿ, ಅಪ್ಪನ ಹಳೆ ಪರಿಚಯ ಎಂದು ಮಗಳು ಪಿಸುಗುಟ್ಟಿದಳು. ಜಗಳೂರು ಎನ್ನುವ ಮಾತು ಅಂಜಿನಮ್ಮನಿಗೆ ಸಾಕಾಯಿತು. ಗಂಡ ಜಗಳೂರಿಗೆ ಹೋದ, ಮುಖ ಅಳಿಸಿಕೊಂಡು ಬಂದ. ಆಮೇಲೆ ಅವನು ನ್ಯಾಮತಿಯ ಕಡೆ ಕೆಲಸ ಹಿಡಿದ, ಈಕೆಯೂ ನ್ಯಾಮತಿಗೆ ಬಂದಳು.

ಅಷ್ಟರಲ್ಲಿ ತವರಿನಿಂದ ಬಂದು ಮೂಲೆಯಲ್ಲಿ ಕೂತಿದ್ದ ಶಂಕ್ರಮ್ಮ ಈ ನರ್ಸನ್ನು ನೋಡಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಳು. ಅದೂ ಅಂಜಿನಮ್ಮನ ಕಣ್ಣಿಗೆ ಬಿತ್ತು. ಗುರುತಿಲ್ಲದವರನ್ನು ನೋಡಿ ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ.

ಗುಂಡಿ ತೋಡಿಯಾಯಿತು ಎಂದು ಸುದ್ದಿ ಬಂತು. ಹಲಗೆ ಬಾರಿಸುವವರು ಬೀಡಿ ಆರಿಸಿ ಎದ್ದು ನಿಂತರು. ಮಮತಾ ಅಪ್ಪನ ಬಾಯಿಗೆ ಅಕ್ಕಿ ಹಾಕಿದಳು, ಅಳಿಯ ರಘುನಾಥ ಹಾಕಿದ, ಅಣ್ಣತಮ್ಮಂದಿರ ಕಡೆಯವರು ಹಾಕಿದರು. ಹಿರಿಯರೊಬ್ಬರು ಅಕ್ಕಿಯ ಮೊರವನ್ನು ಅಂಜಿನಮ್ಮನ ಮುಂದೆ ಇಟ್ಟರು. ಆಕೆ ಕೈ ಮಡಿಚಿಕೊಂಡು ಕೂತಳು.

"ಹಾಕವ್ವ, ಹೊತ್ತಾಗ್ತೈತೆ" ಎಂದರು.

"ನರ್ಸಮ್ಮನ್ನ ಸ್ವಲ್ಪ ಒಳಗೆ ಕರೀರಿ. ಅತ್ತಿಗೇನೂ ಬರಲಿ. ಅಲ್ಲಿತನಕ ಯಾರೂ ಚಟ್ಟಕ್ಕೆ ಕೈ ಹಚ್ಚಬ್ಯಾಡ್ರಿ."

ಅಂಗಳವೆಲ್ಲ ಗುಸುಗುಸು ಎದ್ದಿತು. ಸತ್ತವನ ಹೆಂಡತಿ ಹೆಣ ಬಿಟ್ಟು ಒಳಗೆ ಹೋಗುವುದೆಂದರೇನು? ಏನೋ ಇದೆ ಎಂದು ಒಬ್ಬರಾದರೆ, ಆಸ್ತಿಯ ಮಾತಿರಬೇಕು ಎಂದು ಇನ್ನೊಬ್ಬರು. ಈ ಮನೆ, ಬಣ್ಣದ ಡಬ್ಬಗಳು ಬಿಟ್ಟರೆ ಆಸ್ತಿ ಯಾವುದಿತ್ತೋ ಅವರೇ ಹೇಳಬೇಕು.

ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಂಜಿನಮ್ಮ ಸುತ್ತುಬಳಸದೆ ಕೇಳಿದಳು. "ನರ್ಸಮ್ಮ, ಗೋಡೆ ಮೇಲಿರೋ ಹೆಂಗ್ಸು ನೀವಾ?"

ಕಸ್ತೂರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಪ ಬರಬಹುದೆಂದು ಅಂಜಿನಮ್ಮ ಕಾದಳು. ಕೋಪ ಬರಲಿಲ್ಲ. ನರ್ಸಮ್ಮ ಗೋಡೆ ಹಿಡಿದು ನೆಲದ ಮೇಲೆ ಕೂತಳು.

"ಇಷ್ಟು ವರ್ಷ ಹಿಂಗಂದ್ಕೊಂಡಿದ್ಯಾ? ಅವರು ನಿಂಗೇನೂ ಹೇಳ್ಲೇ ಇಲ್ವಾ?"

"ಕೇಳಿದ್ದಕ್ಕೆ ಹೇಳ್ರಿ."

"ನಂದಲ್ಲ ಕಣಮ್ಮ. ಯಾರ್ದೂ ಅಲ್ಲ. ಯಾರ್ದೂ ಆಗಬಾರ್ದು ಅಂತಾನೇ ಮಾಡಿದ್ದು."

ಯಾರದೂ ಅಲ್ಲದ ಮುಖ ಎಲ್ಲಾದರೂ ಇರುತ್ತದೆಯೇ. ಸಿಕ್ಕಿಬಿದ್ದವರು ಹೇಳುವ ಮಾತು ಇಂಥದ್ದೇ ಇರುತ್ತದೆ ಎಂದುಕೊಂಡು ಅಂಜಿನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕಸ್ತೂರಮ್ಮ ಅವಳ ಮುಖ ನೋಡಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂಬಂತೆ ಒಂದು ಕಡೆಯಿಂದ ಹೇಳತೊಡಗಿದಳು.

ಆ ಹದಿನೈದು ಗೋಡೆಯ ಕೆಲಸ ಏಡ್ಸ್ ಬಗ್ಗೆ. ಆಗ ಆ ಹೆಸರು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಹೆದರಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಬರೆದು ಪಕ್ಕದಲ್ಲಿ ಕೆನ್ನೆಗೆ ಕೈಕೊಟ್ಟು ಕೂತ ಹೆಂಗಸನ್ನು ಬಿಡಿಸಬೇಕಿತ್ತು. ಚಿಕ್ಕಹನುಮಂತಪ್ಪ ಸಂತೆಯ ಹತ್ತಿರದ ಗೋಡೆಯ ಮೇಲೆ ಹೆಂಡತಿಯನ್ನೇ ಬಿಡಿಸಿದ. ಚೆನ್ನಾಗಿ ಬಿಡಿಸಿದ, ಅದೇ ತಪ್ಪಾಯಿತು. ಎರಡನೆಯ ಸಂತೆಯ ಹೊತ್ತಿಗೆ ಅಂಜಿನಮ್ಮನ ತವರಿನವರು ಮೂಗುಬೊಟ್ಟು, ಮಚ್ಚೆ ಎರಡನ್ನೂ ಗುರುತು ಹಿಡಿದಿದ್ದರು. ಗೋಡೆಯ ಮೇಲೆ ಬರೆದಿದ್ದನ್ನು ಯಾರೂ ಓದಲಿಲ್ಲ. ಮುಖ ನೋಡಿದರು, ರೋಗದ ಹೆಸರು ನೋಡಿದರು. ಆ ರೋಗ ಬಂದಿರುವುದು ಇವಳಿಗೇ, ಸರ್ಕಾರವೇ ಫೋಟೊ ಸಮೇತ ಗೋಡೆಗೆ ಬರೆಸಿದೆ ಎಂದು ಊರೆಲ್ಲ ಹಬ್ಬಿತು. ಯಾರೋ ಆ ಮುಖಕ್ಕೆ ಸಗಣಿ ಹೊಡೆದರು.

"ನಾನು ಡ್ಯೂಟಿ ಮುಗಿಸ್ಕೊಂಡು ಬರ್ತಿದ್ದೆ. ಇವರು ಏಣಿ ಹಾಕ್ಕೊಂಡು ಸಗಣಿ ತೊಳೀತಿದ್ರು. ತೊಳ್ದು, ಆಮೇಲೆ ಅದರ ಮೇಲೆ ಸುಣ್ಣ ಬಳಿದ್ರು. ಅವತ್ತು ಆ ಮನುಷ್ಯ ಅತ್ತಿದ್ದು ನೋಡ್ಬೇಕಿತ್ತು."

ಅಂಜಿನಮ್ಮ ಶಂಕ್ರಮ್ಮನ ಕಡೆ ತಿರುಗಿದಳು. ಅನುಮಾನ ಇನ್ನೂ ಬಿಟ್ಟಿರಲಿಲ್ಲ. ಒಬ್ಬರ ಮಾತು ನಂಬುವ ಅಭ್ಯಾಸವನ್ನು ಅವಳು ಬಿಟ್ಟು ಕಾಲವಾಗಿತ್ತು.

"ಅತ್ತಿಗೆ, ನೀನು ನೋಡಿದ್ಯಾ ಆ ಗೋಡೆ?"

ಶಂಕ್ರಮ್ಮ ಸೆರಗಿನ ತುದಿ ಸುತ್ತಿದಳು. "ನೋಡಿದ್ದೆ" ಎಂದಳು. "ಮೊದಲು ನೋಡಿದ್ದೇ ನಾನು."

ಮನೆಗೆ ಬಂದು ಹೇಳಿದ್ದೂ ಅವಳೇ. ಲೋಟವನ್ನು ಹಿತ್ತಲಿಗೆ ಒಯ್ದವಳು ಅದನ್ನು ತಿಪ್ಪೆಗೆ ಎಸೆದಿದ್ದಳು. ಆಮೇಲೆ ಆರ್ಟಿಸ್ಟ್ರು ಈ ನರ್ಸಮ್ಮನನ್ನು ಕರೆದುಕೊಂಡು ಊರಿಗೆ ಬಂದರು, ಚನ್ನಗಿರಿ ಆಸ್ಪತ್ರೆಯ ರಕ್ತದ ಚೀಟಿಯನ್ನು ಮನೆಮನೆಗೂ ತೋರಿಸಿದರು, ನರ್ಸಮ್ಮ ಓದಿ ಹೇಳಿದರು. ತಪ್ಪು ಗೊತ್ತಾಯಿತು. ಗೊತ್ತಾದ ಮೇಲೆ ಅಂಜಿನಮ್ಮನ ಮುಖ ನೋಡಲು ತವರಿನವರಿಗೇ ನಾಚಿಕೆ. ಅವಳಿಗೆ ಏನೂ ಹೇಳಬೇಡಿ, ಗೊತ್ತಾದರೆ ಮತ್ತೆ ತವರಿಗೆ ಕಾಲಿಡುವುದಿಲ್ಲ ಎಂದು ಆರ್ಟಿಸ್ಟ್ರು ಎಲ್ಲರ ಕೈಹಿಡಿದು ಮಾತು ತೆಗೆದುಕೊಂಡು ಹೋಗಿದ್ದರು.

ಆಮೇಲೆ ಅವನು ಮುಖ ಕಟ್ಟಲು ಶುರುಮಾಡಿದ. ಮೂಗುಬೊಟ್ಟು ತೆಗೆದ, ಅದು ಎಡಕ್ಕಿದ್ದರೆ ಒಬ್ಬರು, ಬಲಕ್ಕಿದ್ದರೆ ಇನ್ನೊಬ್ಬರು ಎಂದು ಜನ ಜಾತಿ ಹಿಡಿಯುತ್ತಾರೆ. ಸೆರಗು ಹೊದ್ದ ರೀತಿ ಬದಲಿಸಿದ. ಬಣ್ಣವನ್ನು ಬಿಳಿಗೂ ಕಪ್ಪಿಗೂ ನಡುವೆ ತಂದು ನಿಲ್ಲಿಸಿದ. ರಟ್ಟಿನ ಮೇಲೆ ಬರೆದುಕೊಂಡು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ತಾಂಡಾಗಳಲ್ಲಿ ನಿಂತು, ಸಂತೆಗಳಲ್ಲಿ ನಿಂತು, ಇವಳು ಯಾರ ಥರ ಕಾಣುತ್ತಾಳೆ ಎಂದು ಬಂದವರನ್ನೆಲ್ಲ ಕೇಳಿದ. ಯಾರಾದರೂ ಒಂದು ಹೆಸರು ಹೇಳಿದರೆ ಮನೆಗೆ ಬಂದು ಮೂಗು ತಿದ್ದುತ್ತಿದ್ದ, ಹುಬ್ಬು ತಿದ್ದುತ್ತಿದ್ದ. ಯಾರೂ ಯಾವ ಹೆಸರೂ ಹೇಳದ ದಿನ ಅದನ್ನು ಗೋಡೆಗೆ ಏರಿಸಿದ, ಏರಿಸಿದ ಮೇಲೂ ಕೆಲವು ದಿನ ಕೇಳುತ್ತಲೇ ಇದ್ದ. ಆಮೇಲೆ ಸಾಯುವವರೆಗೂ ಅದರಲ್ಲಿ ಒಂದು ಗೆರೆ ಬದಲಿಸಲಿಲ್ಲ.

"ಆಫೀಸ್ನೋರು ಬೇರೆ ಮುಖ ಹಾಕಪ್ಪ, ಬೇಜಾರಾಗೈತೆ ಅಂತ ಎಷ್ಟೋ ಸಲ ಹೇಳಿದ್ರು. ಇವರು ಇನ್ನೊಂದು ಮನೆ ಹೆಣ್ಮಗಳಿಗೆ ಹಿಂಗಾಗಬಾರ್ದು ಅಂತಿದ್ರು" ಎಂದಳು ಕಸ್ತೂರಮ್ಮ.

ಅಂಜಿನಮ್ಮ ಅಳಲಿಲ್ಲ. ಗಂಡನಿಗೆ ಇನ್ನೊಬ್ಬಳಿಲ್ಲ ಎಂದು ತಿಳಿದ ಹೆಂಡತಿಗೆ ಆಗಬೇಕಾದ ನೆಮ್ಮದಿ ಆಗಲಿಲ್ಲವೆಂದಲ್ಲ, ಆಯಿತು. ಆದರೆ ಅದರ ಬೆನ್ನಿಗೇ ಸಿಟ್ಟು ಬಂತು.

"ನನ್ನ ಮುಖ. ನನ್ನ ರಕ್ತ" ಎಂದಳು. "ಊರಿಗೆಲ್ಲ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ."

ನಾಲ್ಕು ತಾಲ್ಲೂಕಿಗೆ ತಿಳಿಹೇಳಿದ ಮನುಷ್ಯ ಮನೆಯೊಳಗೆ ಒಂದು ಮಾತು ಹೇಳಲಾರದೆ ಹೋದ.

ಹೊರಗೆ ಬಂದು ಮೊರದ ಮುಂದೆ ಕೂತಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು, ಒಳಗೆ ಏನಾಯಿತೆಂದು ಅಲ್ಲಿ ಓದಿಕೊಳ್ಳುವ ಆಸೆ. ಅವಳು ಗಂಡನ ಮುಖ ನೋಡಿದಳು. ಕಣ್ಣು ಮುಚ್ಚಿ, ಏನೂ ಗೊತ್ತಿಲ್ಲದವನ ಹಾಗೆ ಕೂತಿದ್ದ.

"ಹೇಳಬೇಕಿತ್ತು" ಎಂದಳು. ಮೆಲ್ಲಗೆ ಅಂದರೂ ಹತ್ತಿರದವರಿಗೆ ಕೇಳಿಸಿತು. ಮೂರು ಸಲ ಅಕ್ಕಿ ತೆಗೆದು ಬಾಯಿಗೆ ಹಾಕಿದಳು. ಮೂರನೆಯ ಸಲ ಕೈ ಅಲ್ಲೇ ಅವನ ಗಲ್ಲದ ಮೇಲೆ ಉಳಿಯಿತು, ಮಮತಾ ಬಂದು ಎತ್ತಬೇಕಾಯಿತು. ಆಗ ಅಳು ಬಂತು. ತಡೆಯುವವರು ಯಾರೂ ಇರಲಿಲ್ಲ, ಅವಳೂ ತಡೆಯಲಿಲ್ಲ. ಹಲಗೆಯ ಸದ್ದು ಕೇರಿ ದಾಟಿ ಹೊಳೆಯ ಕಡೆಗೆ ಹೋಯಿತು.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡು ಒಬ್ಬೊಬ್ಬರಾಗಿ ಹೊರಟರು. ಕಸ್ತೂರಮ್ಮ ಹೊರಡುವಾಗ ಅಂಜಿನಮ್ಮನ ಕೈ ಹಿಡಿದುಕೊಂಡಳು. ಶಂಕ್ರಮ್ಮ ಮಾತ್ರ ಹೋಗದೆ, ಯಾರೂ ಹೇಳದಿದ್ದರೂ ಹಿತ್ತಲಿನಲ್ಲಿ ಕೂತು ರಾಶಿ ಪಾತ್ರೆ ತೊಳೆಯುತ್ತಿದ್ದಳು.

ಮೂರು ಗಂಟೆಯ ಹೊತ್ತಿಗೆ ಸಿದ್ದೇಶ ಬಂದ. ಹಿಂದೆ ಚಿಕ್ಕಹನುಮಂತಪ್ಪನ ಹತ್ತಿರ ಅಕ್ಷರಕ್ಕೆ ಬಣ್ಣ ತುಂಬುತ್ತಿದ್ದವನು, ಈಗ ಹೊನ್ನಾಳಿಯಲ್ಲಿ ಸ್ವಂತ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಫ್ಲೆಕ್ಸ್ ಬಂದ ಮೇಲೆ ಸರ್ಕಾರದ ಮಾತೆಲ್ಲ ಅದರ ಮೇಲೆಯೇ ಬರತೊಡಗಿ, ಗೋಡೆಯ ಹೆಂಗಸಿಗೂ ಅವಳನ್ನು ಬಿಡಿಸಿದವನಿಗೂ ಕೆಲಸ ಕಮ್ಮಿಯಾಗಿತ್ತು. ಆ ಋಣ ತೀರಿಸಲೋ ಏನೋ, ಶ್ರದ್ಧಾಂಜಲಿಯ ಬೋರ್ಡು ತನ್ನದೇ ಖರ್ಚು, ಸಂಜೆಯೊಳಗೆ ಬಸ್‌ಸ್ಟಾಪಿನಲ್ಲಿ ಕಟ್ಟಿಸುತ್ತೇನೆ ಎಂದು ಬೆಳಿಗ್ಗೆಯೇ ಮಮತಾಗೆ ಹೇಳಿಹೋಗಿದ್ದ. ಈಗ ಡಿಸೈನ್ ಮಾಡಿ ಮೊಬೈಲಿನಲ್ಲಿ ತೋರಿಸಲು ತಂದಿದ್ದ.

ನೀಲಿ ಆಕಾಶ, ಎರಡು ಕಡೆ ಉರಿಯುವ ದೀಪ, ನಡುವೆ ನಗುತ್ತಿರುವ ಚಿಕ್ಕಹನುಮಂತಪ್ಪ. ಮಗಳ ಮದುವೆಯ ದಿನ ತೆಗೆದ ಫೋಟೊ. ಅವನ ಎಡ ಭುಜದ ಮೇಲೆ ನಾಲ್ಕು ಬೆರಳು ಉಳಿದುಕೊಂಡಿದ್ದವು, ಕೈ ಯಾರದೆಂದು ಕಾಣುತ್ತಿರಲಿಲ್ಲ.

"ಇದು ನನ್ನ ಕೈ" ಎಂದಳು ಅಂಜಿನಮ್ಮ.

"ಹೌದಮ್ಮ, ನೀವು ಪಕ್ಕದಾಗೆ ನಿಂತಿದ್ರಿ. ನಿಮ್ಮನ್ನ ಕಟ್ ಮಾಡಿದೀನಿ, ಈ ಬೆರಳಷ್ಟೇ ಉಳ್ಕೊಂಡೈತೆ. ಅದನ್ನೂ ತೆಗೀತೀನಿ."

"ತೆಗೀಬ್ಯಾಡ. ನನ್ನನ್ನೂ ಪೂರ್ತಿ ಹಾಕು."

ಸಿದ್ದೇಶ ಮಮತಾಳ ಮುಖ ನೋಡಿದ. ದುಃಖದಲ್ಲಿ ಹೇಳುತ್ತಿದ್ದಾಳೋ, ಬುದ್ಧಿಯಲ್ಲಿದ್ದು ಹೇಳುತ್ತಿದ್ದಾಳೋ ಎಂದು ಅವನಿಗೆ ಅನುಮಾನ. ಇಂಥ ಬೋರ್ಡಿನಲ್ಲಿ ಸತ್ತವರ ಮುಖವಷ್ಟೇ ಇರುತ್ತದೆ, ಬದುಕಿರುವವರ ಫೋಟೊ ದೊಡ್ಡದಾಗಿ ಹಾಕಿದರೆ ನೋಡಿದವರು ಇಬ್ಬರೂ ಹೋದರು ಎಂದುಕೊಳ್ಳುತ್ತಾರೆ ಎಂದು ಮೆಲ್ಲಗೆ ತಿಳಿಹೇಳಿದ. ಬೇಕಾದರೆ ಕೆಳಗೆ ದುಃಖತಪ್ತರು ಎನ್ನುವ ಸಾಲಿನಲ್ಲಿ ಹೆಸರು ಹಾಕುತ್ತೇನೆ ಎಂದ. ಮಮತಾ, ಬೇಡ ಅವ್ವ, ಅಪಶಕುನ, ಊರವರು ಏನಂದಾರು ಎಂದು ಅಳುವ ದನಿಯಲ್ಲಿ ಬೇಡಿಕೊಂಡಳು. ಹಿತ್ತಲಿನಿಂದ ಶಂಕ್ರಮ್ಮ ಒದ್ದೆ ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ತಪ್ಪು ತಿಳ್ಕೊಂಡ್ರೆ ತಿಳ್ಕೊಳ್ಳಲಿ" ಎಂದಳು ಅಂಜಿನಮ್ಮ. "ಈ ಸಲ ನನ್ನ ಕೇಳಿ ಹಾಕ್ತಿದೀರ. ನಾನು ಹಾಕು ಅಂತಿದೀನಿ. ಮೂಗುಬೊಟ್ಟು, ಮಚ್ಚೆ ಎಲ್ಲ ಚೆನ್ನಾಗಿ ಕಾಣಬೇಕು."

ಸಿದ್ದೇಶನಿಗೆ ಈ ಸಲ ಎಂದರೆ ಯಾವ ಸಲ ಎಂದು ಗೊತ್ತಾಗಲಿಲ್ಲ. ಆದರೂ ಆ ಮುಖ ನೋಡಿ ಮೊಬೈಲು ಜೇಬಿಗಿಟ್ಟುಕೊಂಡು ಅಂಗಡಿಗೆ ಹೊರಟ.

ಐದೂವರೆಗೆ ಬೋರ್ಡು ಬಂತು. ಮನೆಯ ಎದುರಿನ ಬಸ್‌ಸ್ಟಾಪಿನ ಕಂಬಕ್ಕೆ ಹಗ್ಗ ಹಾಕಿ ಕಟ್ಟಿದರು. ಅಂಗಡಿಯ ಮುಂದೆ ಕೂತಿದ್ದವರು ಎದ್ದು ಬಂದು ನೋಡಿದರು, ತಲೆ ಕೆರೆದುಕೊಂಡರು, ತಿರುಗಿ ಮನೆಯ ಕಡೆ ನೋಡಿದರು. ಅಂಜಿನಮ್ಮ ಹೊಸಲು ದಾಟುವ ಹಾಗಿರಲಿಲ್ಲ, ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಬೋರ್ಡಿನ ಮೇಲೆ ರೇಷ್ಮೆ ಸೀರೆಯುಟ್ಟ ಅಂಜಿನಮ್ಮ, ಗಂಡನ ಭುಜದ ಮೇಲೆ ಕೈಯಿಟ್ಟು, ಫೋಟೊ ತೆಗೆದವನ ಮಾತು ಕೇಳದೆ ಹಲ್ಲು ಬಿಟ್ಟು ನಗುತ್ತಿದ್ದಳು.

ಹೊನ್ನಾಳಿಯಿಂದ ಬಂದ ಬಸ್ಸು ಅಲ್ಲಿ ನಿಂತಿತು. ಕಿಟಕಿಯ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬಳು ಬೋರ್ಡು ಓದಿ, ಅಯ್ಯೋ ಪಾಪ ಎಂಬಂತೆ ತುಟಿ ಮಾಡಿ, ಗಂಡಹೆಂಡಿರಿಬ್ಬರಿಗೂ ಕೈ ಮುಗಿದಳು. ಮುಗಿದ ಕೈ ಇಳಿಸುವ ಮುಂಚೆ ಅವಳ ಕಣ್ಣು ರಸ್ತೆಯಾಚೆಯ ಬಾಗಿಲಿಗೆ ಹೊರಳಿತು. ಅಲ್ಲಿ ನಿಂತವಳನ್ನು ನೋಡಿದಳು, ಬೋರ್ಡನ್ನು ನೋಡಿದಳು, ಮತ್ತೆ ಬಾಗಿಲು ನೋಡಿದಳು. ಕೈ ಹಾಗೇ ನಿಂತುಬಿಟ್ಟಿತು. ಅಂಜಿನಮ್ಮ ಚೌಕಟ್ಟಿನಿಂದ ಎರಡೂ ಕೈ ಬಿಡಿಸಿಕೊಂಡು, ಬಸ್ಸು ಕದಲುವ ಮುಂಚೆ ಆ ಹೆಂಗಸಿಗೆ ತಿರುಗಿ ಕೈ ಮುಗಿದಳು.